ಮುಯ್ಯಿಗೆ ಯಾವ ಕಾಲಂ?

ಹದಿನಾರು ವರ್ಷದಿಂದ ನಾನು ಕಾಲೇಜಿನ ಫೀ ಕೌಂಟರಿನಲ್ಲಿ ಕೂತಿದ್ದೇನೆ. ಇಷ್ಟು ವರ್ಷದಲ್ಲಿ ಸಂಜೆ ಕ್ಯಾಷ್ ಮುಗಿಸುವಾಗ ಒಂದು ರೂಪಾಯಿ ಹೆಚ್ಚು ಬಂದಿಲ್ಲ, ಒಂದು ರೂಪಾಯಿ ಕಮ್ಮಿ ಬಂದಿಲ್ಲ. ಇದನ್ನು ನಾನೇ ಹೇಳಿಕೊಳ್ಳಬೇಕು, ಯಾಕೆಂದರೆ ಬೇರೆ ಯಾರೂ ಹೇಳುವುದಿಲ್ಲ. ಅಂಥವಳ ಮನೆಯಲ್ಲೇ ಇಪ್ಪತ್ತನೇ ತಾರೀಖಿಗೆ ದುಡ್ಡು ಎಲ್ಲಿ ಹೋಯಿತು ಎಂದು ಗಂಡ ಹೆಂಡತಿ ಮುಖ ಮುಖ ನೋಡಿಕೊಳ್ಳುವ ಹಾಗಾದರೆ ಮೈ ಉರಿಯುವುದಿಲ್ಲವೇ?

ನೋಟಿನ ಕಾಲದಲ್ಲಿ ಹೀಗಿರಲಿಲ್ಲ. ನಮ್ಮ ಮನೆಯವರು, ಪರಶುರಾಮ್, ಹರಿಹರದ ಒಂದು ಮಷೀನ್ ಶಾಪಿನಲ್ಲಿ ಟರ್ನರ್. ಬೆಳಿಗ್ಗೆ ದಾವಣಗೆರೆಯಿಂದ ರೈಲಿಗೆ ಹೋಗಿ ಸಂಜೆ ಬಸ್ಸಿಗೆ ಬರುತ್ತಾರೆ. ಸೋಮವಾರ ಐನೂರು ರೂಪಾಯಿ ಜೇಬಿಗಿಟ್ಟರೆ ಶನಿವಾರ ಎಷ್ಟು ಉಳಿಯಿತು ಎಂದು ಷರ್ಟು ಒಗೆಯುವಾಗ ತಿಳಿಯುತ್ತಿತ್ತು. ಈಗ ಎಲ್ಲದಕ್ಕೂ ಫೋನು. ಚಹಾಕ್ಕೆ ಫೋನು, ಮಂಡಕ್ಕಿ ಮಿರ್ಚಿಗೆ ಫೋನು, ಸ್ನೇಹಿತರ ಚಹಾಕ್ಕೂ ಇವರದೇ ಫೋನು. ಹನಿ ಹನಿ ಕೂಡಿದರೆ ಹಳ್ಳ ಎಂಬ ಗಾದೆಯನ್ನು ಕೂಡಿಡುವವರಿಗಾಗಿ ಮಾಡಿದ್ದಾರೆ ಎಂದುಕೊಂಡಿದ್ದೆ. ಸೋರಿಸುವವರಿಗೂ ಅದು ಅಷ್ಟೇ ಚೆನ್ನಾಗಿ ಒಪ್ಪುತ್ತದೆ.

ಹೋದ ವರ್ಷ ಯುಗಾದಿಯ ದಿನ ಎಲ್ಲರಿಗೂ ಬೇವು ಬೆಲ್ಲ ಕೊಟ್ಟು, ಬಾಯಿ ಕಹಿಯಾಗಿರುವಾಗಲೇ ಹೇಳಿದೆ: “ಮನೆ ಲೆಕ್ಕಕ್ಕೆ ಒಂದು ಆ್ಯಪ್ ಹಾಕ್ತೀನಿ. ಯಾವುದು ಅಂತ ನಾನೇ ಆರಿಸ್ತೀನಿ.”

“ಆರ್ಸು. ಬ್ಯಾಡ ಅಂದ್ರೆ ಬಿಡ್ತೀಯೇನು?” ಎಂದರು ಪರಶುರಾಮ್. ಪಿಯುಸಿ ಓದುವ ಮಗಳು ನಯನಾ ನಕ್ಕಳು. ಅತ್ತೆ ನಾಗಕ್ಕ ಮಾತ್ರ, “ಲೆಕ್ಕ ಬರಿಯೋದು ಒಳ್ಳೇದು ಬಿಡವ್ವ” ಎಂದು ನನ್ನ ಪಕ್ಷ ವಹಿಸಿದರು.

ಒಂದು ತಿಂಗಳು ಪರೀಕ್ಷೆ ನಡೆಸಿದೆ. ಮೊದಲನೇ ಆ್ಯಪ್ ಫೋನಿಗೆ ಇಳಿದ ಹತ್ತೇ ನಿಮಿಷದಲ್ಲಿ ನನ್ನ ಮೆಸೇಜುಗಳನ್ನೆಲ್ಲ ಓದಿ, ನಾನು ಬಡವಿ ಎಂದು ತೀರ್ಮಾನಿಸಿ, ಎರಡು ಲಕ್ಷ ಸಾಲ ಕೊಡಲು ಮುಂದೆ ಬಂತು. ಲೆಕ್ಕ ಬರೆಯಲು ಕರೆದವನು ಸಾಲ ಕೊಡಲು ಕೂತರೆ ಅವನನ್ನು ಯಾರು ಮನೆಯೊಳಗೆ ಬಿಟ್ಟುಕೊಳ್ಳುತ್ತಾರೆ? ಕಿತ್ತು ಹಾಕಿದೆ. ಎರಡನೆಯದು ನೋಡಲು ಚೆಂದ, ಆದರೆ ನಾಯಿ ಸಾಕುವ ಖರ್ಚಿಗೆ ಒಂದು ಕಾಲಂ, ಜಿಮ್ಮಿಗೆ ಒಂದು ಕಾಲಂ ಇಟ್ಟವರು ಹಿಟ್ಟಿನ ಗಿರಣಿಗೆ ಜಾಗವನ್ನೇ ಇಟ್ಟಿರಲಿಲ್ಲ. ಮೇಲಾಗಿ ವರ್ಷಕ್ಕೆ ಮೂರು ಸಾವಿರ ಚಂದಾ. ದುಡ್ಡು ಉಳಿಸುವುದನ್ನು ಹೇಳಿಕೊಡಲು ಮೂರು ಸಾವಿರ ಕೇಳುವವನು ತನ್ನದನ್ನು ಚೆನ್ನಾಗಿಯೇ ಉಳಿಸಿಕೊಳ್ಳುತ್ತಾನೆ. ಅದೂ ಹೋಯಿತು. ಆಫೀಸಿನ ಶಿವಕುಮಾರ ತಾನು ಬಳಸುವ ಎಕ್ಸೆಲ್ ಶೀಟ್ ಕಳಿಸಿದ. ಒಳ್ಳೆಯ ಶೀಟೇ. ಆದರೆ ಅದು ನನ್ನ ರೊಟ್ಟಿ ಪರೀಕ್ಷೆಯಲ್ಲಿ ಫೇಲಾಯಿತು.

ರೊಟ್ಟಿ ಪರೀಕ್ಷೆ ಎಂದರೆ ಇಷ್ಟೇ. ಬಲಗೈ ಜೋಳದ ಹಿಟ್ಟಿನಲ್ಲಿರಬೇಕು. ಹಾಲಿನವನು ಬಾಗಿಲಲ್ಲಿ ದುಡ್ಡು ಕೇಳಬೇಕು. ಹಂಚಿನ ಮೇಲಿನ ರೊಟ್ಟಿ ಉಬ್ಬುವುದರೊಳಗೆ ಎಡಗೈ ಹೆಬ್ಬೆರಳೊಂದರಲ್ಲೇ ಆ ಖರ್ಚನ್ನು ಬರೆದು ಮುಗಿಸಬೇಕು. ಖರ್ಚು ಆದಾಗಲೇ ಬರೆಯದಿದ್ದರೆ ಆಮೇಲೆ ಯಾವ ಹೆಣ್ಣುಮಗಳೂ ಬರೆಯುವುದಿಲ್ಲ. ಇದು ಆ್ಯಪ್ ಮಾಡುವ ಜನಕ್ಕೆ ಗೊತ್ತಿಲ್ಲ.

ನಾಲ್ಕನೆಯದು ಈ ಪರೀಕ್ಷೆಯಲ್ಲಿ ಪಾಸಾಯಿತು. ಯಾರು ಮಾಡಿದ್ದೋ, ಹೆಸರೂ ಅಷ್ಟು ಕೇಳಿದ್ದಲ್ಲ. ಬ್ಯಾಂಕಿನ ತಂಟೆಗೆ ಹೋಗುವುದಿಲ್ಲ, ಮೆಸೇಜು ಓದುವುದಿಲ್ಲ, ಬರೆದಷ್ಟೇ ಅದಕ್ಕೆ ಗೊತ್ತು. ಕನ್ನಡದಲ್ಲಿ ಕಾಲಂ ಮಾಡಿಕೊಳ್ಳಬಹುದು. ಒಂದೇ ಲೆಕ್ಕ ನನ್ನ ಫೋನಿನಲ್ಲೂ ಅವರ ಫೋನಿನಲ್ಲೂ ಕಾಣುತ್ತದೆ. ಪ್ರತಿ ಕಾಲಮ್ಮಿಗೂ ತಿಂಗಳಿಗಿಷ್ಟು ಎಂದು ಮಿತಿ ಹಾಕಿದರೆ ಪಕ್ಕದಲ್ಲಿ ಒಂದು ಪಟ್ಟಿ ಬರುತ್ತದೆ. ಮೊದಲು ಹಸಿರು, ಆಮೇಲೆ ಹಳದಿ, ಮಿತಿ ದಾಟಿದರೆ ಕೆಂಪು. ಕೆಂಪು ಬಂದ ಕಾಲಮ್ಮಿಗೆ ಆ ತಿಂಗಳು ಒಂದು ಪೈಸೆಯೂ ಇಲ್ಲ ಎಂದು ಕಾನೂನು ಮಾಡಿದೆ.

ಮೊದಲ ತಿಂಗಳೇ ಪರಶುರಾಮರ ಚಹಾ ಸಾವಿರದ ನೂರ ನಲವತ್ತು ರೂಪಾಯಿ ಎಂದು ಸಿಕ್ಕಿಬಿತ್ತು.

“ಅಷ್ಟು ಚಾ ಕುಡಿದ್ರೆ ಮನುಷ್ಯ ಬದುಕ್ತಾನೇನೆ?” ಎಂದು ಅವರೇ ಗಾಬರಿಯಾದರು.

“ನೀವು ಬದುಕಿದೀರಿ, ಬೇರೆಯವರಿಗೂ ಕುಡಿಸಿ ಬದುಕಿಸಿದೀರಿ” ಎಂದೆ.

ಎರಡನೇ ತಿಂಗಳಿಗೆ ಅದು ಐನೂರಕ್ಕೆ ಇಳಿಯಿತು. ಆವರಗೆರೆಯಲ್ಲಿ ನಾವು ತೆಗೆದುಕೊಂಡಿದ್ದ ಮೂವತ್ತು ನಲವತ್ತರ ಸೈಟಿಗೆ ಕಾಂಪೌಂಡ್ ಹಾಕಿಸಬೇಕು ಎಂಬುದು ಅವರ ಬಹುದಿನದ ಆಸೆ. ಆ್ಯಪ್‌ನಲ್ಲಿ ‘ಗುರಿ’ ಎಂದೊಂದು ಜಾಗವಿತ್ತು. ಅಲ್ಲಿ ‘ಆವರಗೆರೆ ಕಾಂಪೌಂಡ್, ಒಂದೂವರೆ ಲಕ್ಷ’ ಎಂದು ಬರೆದೆ. ತಿಂಗಳು ತಿಂಗಳು ಉಳಿದದ್ದೆಲ್ಲ ಅಲ್ಲಿಗೆ ಹೋಗತೊಡಗಿತು. ದೇವರಾಜ ಅರಸು ಬಡಾವಣೆಯ ನಮ್ಮ ಬೀದಿಯಲ್ಲಿ ಮೂರು ಮನೆಗೆ ನಾನೇ ಅದೇ ಆ್ಯಪ್ ಹಾಕಿಕೊಟ್ಟೆ. ನನ್ನ ಹತ್ತಿರ ಸಲಹೆ ಕೇಳಲು ಹೆಂಗಸರು ಬರುವುದು, ನಾನು ಕನ್ನಡಕ ಏರಿಸಿಕೊಂಡು ಹೇಳುವುದು, ಸುಳ್ಳು ಯಾಕೆ ಹೇಳಲಿ, ನನಗೆ ಬಹಳ ಇಷ್ಟವಾಗಿತ್ತು.

ನಮ್ಮ ರೇಷನ್ ಕಾರ್ಡಿನಲ್ಲಿ ಮನೆಯ ಯಜಮಾನಿ ಅತ್ತೆ. ಹಾಗಾಗಿ ಗೃಹಲಕ್ಷ್ಮಿಯ ಎರಡು ಸಾವಿರ ಅವರ ಖಾತೆಗೆ ಬರುತ್ತದೆ. ಮೊದಲು ಅದನ್ನು ಏನು ಮಾಡುತ್ತಿದ್ದರೋ ನಾನು ಕೇಳಿರಲಿಲ್ಲ. ಆ್ಯಪ್ ಬಂದ ಮೇಲೆ ಅವರು ಪ್ರತಿ ತಿಂಗಳೂ ಆ ದುಡ್ಡನ್ನು ನನ್ನ ಕೈಯಲ್ಲಿಟ್ಟು “ಬರ್ಕ” ಎನ್ನುತ್ತಿದ್ದರು. ನಾನು ‘ಆದಾಯ’ ಎಂಬ ಕಾಲಮ್ಮಿನಲ್ಲಿ ಅವರ ಹೆಸರು ಹಾಕಿ ಬರೆದುಕೊಳ್ಳುತ್ತಿದ್ದೆ. ಬಂದದ್ದು ಆದಾಯವಲ್ಲದೆ ಇನ್ನೇನು?

ಹೋದ ದೀಪಾವಳಿಯ ರಜೆಯಲ್ಲಿ ನನ್ನ ಉತ್ಸಾಹ ಇನ್ನೂ ಮೇಲೇರಿ ಮುಯ್ಯಿ ಬುಕ್ಕಿಗೇ ಕೈ ಹಾಕಿದೆ.

ಮದುವೆಗೆ ಬಂದವರು ಕೊಟ್ಟದ್ದನ್ನು ಹೆಸರು ಹಿಡಿದು ಬರೆಸಿಕೊಳ್ಳುವುದು, ಅವರ ಮನೆಯ ಮದುವೆಗೆ ಹೋದಾಗ ಅದನ್ನು ನೆನೆದು ಮರಳಿ ಕೊಡುವುದು, ಇದು ಮುಯ್ಯಿ. ಅತ್ತೆಯ ಬುಕ್ಕು ಕೆಂಪು ರಟ್ಟಿನ ಉದ್ದನೆಯ ಪುಸ್ತಕ. ಅತ್ತೆಗೆ ಓದು ಬರಹ ಬರುವುದಿಲ್ಲ. ಆ ಹೊತ್ತಿಗೆ ಯಾರ ಕೈಗೆ ಪೆನ್ನು ಸಿಕ್ಕಿತೋ ಅವರೇ ಬರೆದಿದ್ದಾರೆ. ಮಾವ ಹಾಲೇಶಪ್ಪನವರ ದಪ್ಪ ಅಕ್ಷರ, ಪರಶುರಾಮರ ಅಕ್ಕ ಶಾಂತಲಾಳ ಓರೆ ಅಕ್ಷರ, ಮೇಷ್ಟ್ರು ಬಕ್ಕೇಶಪ್ಪನವರ ಮುತ್ತಿನಂಥ ಅಕ್ಷರ. ಓದಲು ಬಾರದಿದ್ದರೂ ಅತ್ತೆಗೆ ಯಾವ ಪುಟದಲ್ಲಿ ಯಾರಿದ್ದಾರೆ ಎಂದು ಅರಿಸಿನದ ಕಲೆಯ ಮೇಲೆ ಗೊತ್ತು.

ಎರಡು ದಿನ ಕೂತು ಪೂರ್ತಿ ಬುಕ್ಕನ್ನು ಆ್ಯಪ್‌ನ ‘ಕೊಡಬೇಕಾದದ್ದು’ ಎಂಬ ಜಾಗಕ್ಕೆ ಇಳಿಸಿದೆ. ಒಂದೇ ತೊಡಕು. ಬುಕ್ಕಿನಲ್ಲಿ ಅರ್ಧಕ್ಕರ್ಧ ದುಡ್ಡಲ್ಲ, ವಸ್ತು. ಸ್ಟೀಲಿನ ಕೊಡ, ಕುಬುಸ, ಪಂಚೆ, ಗಡಿಯಾರ. ಆ್ಯಪ್‌ನ ಮೊತ್ತದ ಚೌಕಕ್ಕೆ ಅಂಕಿಯಲ್ಲದೆ ಬೇರೇನೂ ರುಚಿಸುವುದಿಲ್ಲ. ಅದಕ್ಕೇನಂತೆ, ಮದುವೆಯಾದ ಇಸವಿ ನೋಡಿ ಆಗಿನ ಬೆಲೆ ಹಾಕುತ್ತ ಹೋದೆ.

ಪಕ್ಕದಲ್ಲಿ ಕೂತಿದ್ದ ಅತ್ತೆ ಕೇಳಿದರು: “ಕೊಡಕ್ಕೆ ಎಷ್ಟು ಅಂತ ಬರ್ದಿ?”

“ಎಂಬತ್ತು.”

“ಎಂಬತ್ತು ರೂಪಾಯಿಗೆ ಈಗ ಕೊಡ ಬರ್ತತೇನು?”

“ಆಗಿನ ರೇಟು ಅತ್ತೆ. ಲೆಕ್ಕ ಅಂದ್ರೆ ಲೆಕ್ಕ.”

ಅವರು ಸುಮ್ಮನಾದರು. ಸುಮ್ಮನಾದದ್ದನ್ನು ನಾನು ಒಪ್ಪಿಗೆ ಎಂದುಕೊಂಡೆ. ಕೆಲಸ ಮುಗಿದ ಮೇಲೆ ಬುಕ್ಕನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಅಟ್ಟಕ್ಕೆ ಹಾಕಿದೆ.

ಈ ಮೇ ತಿಂಗಳಲ್ಲಿ ನುಜತಕ್ಕ ಹರಿಹರದಿಂದ ಮಗಳ ಮದುವೆಯ ಪತ್ರಿಕೆ ಹಿಡಿದು ಬಂದರು. ಮಾವ ಬದುಕಿದ್ದಾಗ ಇವರೆಲ್ಲ ಹರಿಹರದಲ್ಲಿ ಒಂದೇ ವಠಾರದಲ್ಲಿ ಬಾಡಿಗೆಗಿದ್ದರು. ನಡುವೆ ಒಂದು ಗೋಡೆ. ನಾನು ಈ ಮನೆಗೆ ಬರುವ ಹೊತ್ತಿಗೆ ಇವರು ದಾವಣಗೆರೆಗೆ ಬಂದಾಗಿತ್ತು. ಆದರೂ ನುಜತಕ್ಕ ಬಂದ ದಿನ ಅತ್ತೆಯ ದನಿಯೇ ಬೇರೆಯಾಗುತ್ತದೆ. ಅವತ್ತೂ ಇಬ್ಬರೂ ಕೈ ಕೈ ಹಿಡಿದುಕೊಂಡು ಎರಡು ತಾಸು ಮಾತಾಡಿದರು.

ಮದುವೆಯ ವಾರವೇ ಅತ್ತೆಯ ಮೊಣಕಾಲು ಬಾತುಕೊಂಡಿತು. ಎಪ್ಪತ್ತನಾಲ್ಕು ವರ್ಷದ ಜೀವ, ಶಾದಿಮಹಲಿನ ಮೆಟ್ಟಿಲು ಹತ್ತುವ ಹಾಗಿರಲಿಲ್ಲ. ಭಾನುವಾರ ಬೆಳಿಗ್ಗೆ ನನ್ನನ್ನು ಕರೆದು ಹೇಳಿದರು: “ನೀನು ಹೋಗಿ ನುಜತ್‌ದು ಮುಯ್ಯಿ ಮುಟ್ಟಿಸಿ ಬಾರವ್ವ. ಏನು ಅಂತ ಬುಕ್ಕಿನಾಗೈತೆ. ಮರೀಬ್ಯಾಡ.”

“ಮರೆಯೋಕೆ ನಾನೇನು ಮನುಷ್ಯರ ತಲೆ ನಂಬ್ಕೊಂಡಿದೀನಾ ಅತ್ತೆ? ಎಲ್ಲ ಫೋನಿನಲ್ಲೈತೆ” ಎಂದೆ.

ಫೋನು ತೆರೆದೆ. ‘ನುಜತ್, ಹರಿಹರ: 1,720.’ ಉಡುಗೊರೆ ಕಾಲಮ್ಮಿನಲ್ಲಿ ಆ ತಿಂಗಳು ಎರಡು ಸಾವಿರ ಉಳಿದಿತ್ತು. ಕೊಡಬೇಕಾದ್ದಕ್ಕಿಂತ ಹೆಚ್ಚೇ ಕೊಟ್ಟರೆ ಮನೆಗೆ ಮರ್ಯಾದೆ ಎಂದು ಎರಡು ಸಾವಿರದ ಒಂದು ರೂಪಾಯಿ ಕವರಿಗೆ ಹಾಕಿದೆ. ಆ ಒಂದು ರೂಪಾಯಿಗೆ ಪಟ್ಟಿ ಕೆಂಪಾಗುತ್ತದಲ್ಲ ಎಂದು ಯೋಚಿಸಿ, ಅದನ್ನು ಪರಶುರಾಮರ ಚಹಾದ ಕಾಲಮ್ಮಿನಲ್ಲಿ ಬರೆದೆ.

ಶಾದಿಮಹಲಿನ ಬಾಗಿಲ ಪಕ್ಕ ನುಜತಕ್ಕನ ಮಗ ಫೈಸಲ್ ಮೇಜು ಹಾಕಿಕೊಂಡು ಕೂತಿದ್ದ. ಕವರು ತೆಗೆದುಕೊಂಡು, “ಹೆಸರು ಏನಂತ ಬರೀಲಿ ಅಕ್ಕ?” ಎಂದ. ಹಿಂದೆ ನೂರು ಜನ ನಿಂತಿದ್ದರು. ಅವಸರದಲ್ಲಿ “ಸುಧಾ ಅಂತ ಬರಿಯಪ್ಪ” ಎಂದೆ. ಒಳಗೆ ನುಜತಕ್ಕ ನನ್ನನ್ನು ತಬ್ಬಿಕೊಂಡು, “ನಾಗಕ್ಕ ಬರ್ಲಿಲ್ವಾ? ನಾಗಕ್ಕನ್ನ ಬಿಟ್ಟು ಹೆಂಗೆ ಬಂದ್ರಿ?” ಎಂದು ನಾಲ್ಕು ಸಲ ಕೇಳಿದರು. ಹುಡುಗಿಗೆ ಅಕ್ಷತೆಯ ಬದಲು ತಲೆ ಸವರಿ ಹರಸಿ, ಬಿರಿಯಾನಿ ಗಟ್ಟಿಯಾಗಿ ತಿಂದು, ಸಂಜೆ ಐದಕ್ಕೆ ನಾನೂ ಪರಶುರಾಮರೂ ಮನೆಗೆ ಬಂದೆವು.

ಅತ್ತೆ ನಡುಮನೆಯ ಮಂಚದ ಮೇಲೆ ಎಣ್ಣೆ ಹಚ್ಚಿದ ಕಾಲು ಚಾಚಿಕೊಂಡು ಕಾಯುತ್ತಿದ್ದರು. ಕಣ್ಣು ಮಿನುಗುತ್ತಿತ್ತು. ನಾನು ಚಪ್ಪಲಿ ಬಿಡುವುದರೊಳಗೆ ಕೇಳಿದರು: “ಹುಡುಗಿ ಕಿವಿಗೆ ಸರಿಯಾಗಿ ಕೂತ್ವಾ?”

“ಏನು ಅತ್ತೆ?”

“ಓಲೆ.”

“ಯಾವ ಓಲೆ?”

ಅತ್ತೆ ನನ್ನ ಮುಖವನ್ನೇ ನೋಡಿದರು. ನಾನು ಪರಶುರಾಮರ ಮುಖ ನೋಡಿದೆ. ಅವರಿಗೂ ಏನೂ ಗೊತ್ತಿರಲಿಲ್ಲ. ಸ್ಟೂಲು ಹಾಕಿಕೊಂಡು ಅಟ್ಟ ಹತ್ತಿ ಬುಕ್ಕು ತೆಗೆದೆ. ಅತ್ತೆ ಕೈ ಚಾಚಿ ತೆಗೆದುಕೊಂಡು, ಕಲೆ ಹುಡುಕಿ, ಪುಟ ತೆರೆದು ಬೆರಳಿಟ್ಟರು. ಬಕ್ಕೇಶಪ್ಪ ಮೇಷ್ಟ್ರ ಅಕ್ಷರದಲ್ಲಿ, ಕೊಡ ಕುಬುಸಗಳ ನಡುವೆ ಒಂದೇ ಸಾಲು: ‘ನುಜತ್, ಹರಿಹರ. ಬೆಂಡೋಲೆ ಒಂದು ಜತೆ. ನಾಲ್ಕು ಗ್ರಾಂ.’

ಆ ಸಾಲನ್ನು ನಾನೇ ಓದಿದ್ದೆ. ನಾನೇ ಆ ವರ್ಷದ ಬಂಗಾರದ ದರ ಹುಡುಕಿದ್ದೆ. ನಾನೇ ನಾಲ್ಕರಿಂದ ಗುಣಿಸಿ 1,720 ಎಂದು ಬರೆದು ಮುಂದಿನ ಸಾಲಿಗೆ ಹೋಗಿದ್ದೆ.

“ನೀನು ಏನು ಕೊಟ್ಟಿ?” ಎಂದರು ಅತ್ತೆ.

“ಎರಡು ಸಾವಿರದ ಒಂದು.”

ಅವರು ಬೈಯಲಿಲ್ಲ. ಬೈದಿದ್ದರೆ ನಾನೂ ನಾಲ್ಕು ಮಾತಾಡಿ ಹಗುರಾಗುತ್ತಿದ್ದೆ. ಬುಕ್ಕನ್ನು ಮಡಿಲಲ್ಲಿಟ್ಟುಕೊಂಡು ನಿಧಾನವಾಗಿ ಹೇಳಿದರು. ಮಾವ ಹೋದ ಮರು ವರ್ಷವೇ ಶಾಂತಲಾಳ ಮದುವೆ. ಗಂಡಿನ ಕಡೆಯವರಿಗೆ ಒಪ್ಪಿಕೊಂಡಿದ್ದ ಬೆಂಡೋಲೆಗೆ ದುಡ್ಡು ಪೂರ್ತಿಯಾಗಲಿಲ್ಲ. ಅಕ್ಕಸಾಲಿಗ ಕೊಡಲಿಲ್ಲ. ಮುಹೂರ್ತಕ್ಕೆ ಒಂದು ತಾಸು ಇರುವಾಗ ಅತ್ತೆ ಉಗ್ರಾಣದ ಮೂಲೆಯಲ್ಲಿ ಸೆರಗು ಬಾಯಿಗೆ ತುರುಕಿಕೊಂಡು ಅಳುತ್ತಿದ್ದರಂತೆ. ಆಗ ಮದುವೆಯಾಗಿ ವರ್ಷ ತುಂಬದ ನುಜತ್ ಒಳಗೆ ಬಂದು, ಏನಾಯಿತು ಎಂದೂ ಕೇಳದೆ ತನ್ನ ಕಿವಿಯವನ್ನು ಬಿಚ್ಚಿ ಅವರ ಕೈಗೆ ಹಾಕಿದಳಂತೆ.

“ಸಾಲ ಅಂತ ಕೊಡು, ತೀರಿಸ್ತೀನಿ ಅಂದೆ ಕಣವ್ವ. ಆಕಿ ಬ್ಯಾಡ ಅಂದ್ಲು. ‘ಸಾಲ ಅಂದ್ರೆ ನೀನು ರಾತ್ರಿ ನಿದ್ದಿ ಮಾಡಂಗಿಲ್ಲ ನಾಗಕ್ಕ. ಮುಯ್ಯಿ ಅಂತ ಬರ್ಸು. ನಂಗೆ ಹೆಣ್ಣು ಹುಟ್ಟಿದ್ರೆ ಆಕಿ ಮದ್ವಿಗೆ ಹಾಕಿವಂತೆ’ ಅಂದ್ಲು. ಹೊರಗೆ ಗಂಡಸರಿಗೆ ಒಬ್ರಿಗೂ ಗೊತ್ತಾಗ್ಲಿಲ್ಲ. ಈಗಲೂ ಅವು ಶಾಂತಲಾನ ಕಿವಿಯಾಗ ಅದಾವು.”

“ನುಜತಕ್ಕ ಒಂದು ಮಾತೂ ಕೇಳಲಿಲ್ಲ ಅತ್ತೆ. ಚೆನ್ನಾಗೇ ಮಾತಾಡಿದರು.”

“ಆಕಿ ಕೇಳಂಗಿಲ್ಲ. ಕೇಳಂಗಿಲ್ಲ ಅಂತಾನೇ ನಾವು ಕೊಡ್ಬೇಕು. ವಸ್ತುವಿಗೆ ವಸ್ತು, ರೊಕ್ಕಕ್ಕೆ ರೊಕ್ಕ. ಇಪ್ಪತ್ತೇಳು ವರ್ಷ ಈ ದಿನಾನೇ ಕಾದಿದ್ದೆ.”

ನನಗೆ ನಾಚಿಕೆಯಾಯಿತು. ಕೌಂಟರಿನಲ್ಲಿ ಕೈತಪ್ಪಿ ಐವತ್ತು ಸಾವಿರ ಹೋಗಿದ್ದರೂ ಅಷ್ಟು ಕೆಟ್ಟದೆನಿಸುತ್ತಿರಲಿಲ್ಲ. ಒಂದು ರೂಪಾಯಿ ತಪ್ಪದ ನಾನು, ಕಿವಿಯಿಂದ ಬಿಚ್ಚಿಕೊಟ್ಟ ಬಂಗಾರಕ್ಕೆ ಹಳೆಯ ದರ ಕಟ್ಟಿ, ಮೇಲೆ ಇನ್ನೂರ ಎಂಬತ್ತೊಂದು ಹೆಚ್ಚು ಕೊಟ್ಟೆ ಎಂದು ಬೀಗಿಕೊಂಡು ಬಿರಿಯಾನಿ ತಿಂದು ಬಂದಿದ್ದೆ.

ಅತ್ತೆ ಕಷ್ಟಪಟ್ಟು ಎದ್ದು ಬೀರುವಿನ ಸೀರೆಯ ಮಡಿಕೆಯಿಂದ ಒಂದು ಗಂಟು ತಂದರು. ಹನ್ನೊಂದು ಸಾವಿರ ಇತ್ತು. “ಇದು ಮೊದಲಿಂದು. ಆಮೇಲಿಂದೆಲ್ಲ ನಿನ್ನ ಹತ್ರ ಐತೆ. ನಿನ್ನ ಫೋನು ಹುಷಾರೈತೆ ಅಂದ್ಯಲ್ಲ, ಅದಕ್ಕೇ ತಿಂಗ್ಳು ತಿಂಗ್ಳು ಕೊಟ್ಟೆ. ಅದ್ರಾಗೆ ಎಷ್ಟಾಗೈತೆ ನೋಡು.”

ಬರ್ಕ ಎಂದರೆ ಓಲೆಯ ಲೆಕ್ಕಕ್ಕೆ ಬರೆದುಕೋ ಎಂದು. ಯಾವುದಕ್ಕೆ ಎಂದು ನಾನು ಒಂದು ತಿಂಗಳೂ ಕೇಳಿರಲಿಲ್ಲ.

ಆದರೆ ಆ್ಯಪನ್ನು ಬೈದುಕೊಂಡು ಕೂರುವ ಜಾತಿಯವಳು ನಾನಲ್ಲ. ತಪ್ಪು ಬರೆದ ಕೈ ನನ್ನದು, ಬರೆದದ್ದನ್ನು ಅದು ನುಂಗಿರಲಿಲ್ಲ. ‘ನಾಗಕ್ಕ’ ಎಂದು ಹುಡುಕಿದೆ. ಹದಿನಾಲ್ಕು ಸಾಲು ಬಂತು, ಒಂದೊಂದೂ ಎರಡು ಸಾವಿರ. ಒಟ್ಟು ಇಪ್ಪತ್ತೆಂಟು ಸಾವಿರ. ಅಷ್ಟೂ ಕಾಂಪೌಂಡಿನ ಗುರಿಗೆ ಹೋಗಿ ಕೂತಿತ್ತು. ಗುರಿಯಲ್ಲಿ ಒಟ್ಟು ಎಪ್ಪತ್ತೊಂದು ಸಾವಿರವಿತ್ತು.

“ರೀ, ನಿಮ್ಮ ಗೋಡೆಯಲ್ಲಿ ಅತ್ತೆಯ ದುಡ್ಡೈತೆ. ತೆಗೀಬೇಕು. ಅದು ಸಾಲದೆ ನಮ್ಮದನ್ನೂ ತೆಗೀಬೇಕು” ಎಂದೆ.

ಪರಶುರಾಮ್ ಅಷ್ಟು ಹೊತ್ತೂ ಬಾಗಿಲಿಗೆ ಒರಗಿ ನಿಂತಿದ್ದರು. ಅಕ್ಕನ ಮದುವೆಯಲ್ಲಿ ಊಟಕ್ಕೆ ಎಲೆ ಹಾಕುತ್ತ ಓಡಾಡಿದವರಿಗೆ, ಉಗ್ರಾಣದ ಮೂಲೆಯಲ್ಲಿ ನಡೆದದ್ದು ಇವತ್ತು ತಿಳಿದಿತ್ತು. “ತಗಿ” ಎಂದರು. “ಸೈಟು ಎಲ್ಲಿಗೂ ಓಡಿ ಹೋಗಲ್ಲ. ನಾಳೆ ಅವ್ರ ಮನೇಲಿ ಮಗಳು ಅಳಿಯನಿಗೆ ಊಟ ಐತೆ. ನಾಳೇನೆ ಹೋಗೋಣ.”

ಸೋಮವಾರ ಅಡ್ಮಿಷನ್ನಿನ ಗಲಾಟೆ. ಹದಿನಾರು ವರ್ಷದಲ್ಲಿ ಆ ಕಾಲದಲ್ಲಿ ರಜೆ ಹಾಕಿದವಳಲ್ಲ, ಅವತ್ತು ಹಾಕಿದೆ. ಅಂಗಡಿ ಬಾಗಿಲು ತೆಗೆಯುವ ಹೊತ್ತಿಗೆ ಮಂಡಿಪೇಟೆಯಲ್ಲಿದ್ದೆ. ಅತ್ತೆ ಹೇಳಿಕೊಟ್ಟಿದ್ದ ಹಾಗೆ, ಹೂವಿನ ಹಾಗೆ ಆರು ಎಸಳು, ನಡುವೆ ಕೆಂಪು ಹರಳು. ತೂಕ ನಾಲ್ಕು ಗ್ರಾಂ. ಕೂಲಿ, ಟ್ಯಾಕ್ಸ್ ಎಲ್ಲ ಸೇರಿ ಐವತ್ತಾರು ಸಾವಿರದ ನಾನೂರು. ಅಂಗಡಿಯವರ ಮುಂದೆಯೇ ಫೋನು ತೆಗೆದು ಬರೆದೆ. ಗುರಿಯಿಂದ ತೆಗೆಯುವಾಗ ಆ್ಯಪ್ ಕೇಳಿತು, ‘ಖಚಿತವೇ?’ ಹೌದು ಎಂದು ಒತ್ತಿದೆ. ಉಡುಗೊರೆಯ ಪಟ್ಟಿ ಆ ತುದಿಯಿಂದ ಈ ತುದಿಯವರೆಗೆ ಕೆಂಪಾಯಿತು. ಕೆಂಪು ಬಂದರೆ ಬರಲಿ. ನನ್ನ ಕಾನೂನು ಚಹಾಕ್ಕೆ ಮಾಡಿದ್ದು, ಇದಕ್ಕಲ್ಲ.

ಪಕ್ಕದ ಮನೆಯ ಅಜ್ಜಯ್ಯನ ಆಟೊದಲ್ಲಿ ಅತ್ತೆಯನ್ನು ದಿಂಬು ಕೊಟ್ಟು ಕೂರಿಸಿಕೊಂಡು ಹರಿಹರಕ್ಕೆ ಹೋದೆವು. ಅತ್ತೆ ಡಬ್ಬಿಯನ್ನು ಸೆರಗಿನಲ್ಲಿ ಕಟ್ಟಿಕೊಂಡಿದ್ದರು. ನುಜತಕ್ಕನ ಮನೆಯ ಮುಂದೆ ಶಾಮಿಯಾನ, ಜನ. ಪರಶುರಾಮ್ ಮತ್ತು ಫೈಸಲ್ ಆ ಕಡೆ ಈ ಕಡೆ ಹಿಡಿದು ಅತ್ತೆಯನ್ನು ಒಳಗಿನ ಕೋಣೆಗೆ ಕರೆತಂದರು. ಮದುಮಗಳು ಅಲ್ಲೇ ಕೂತಿದ್ದಳು.

ನುಜತಕ್ಕ ಓಡಿ ಬಂದರು. “ಅರೆ ನಾಗಕ್ಕ! ಈ ಕಾಲಾಗ ಯಾಕ ಬರಾಕ ಹೋದ್ರಿ?”

ಅತ್ತೆ ಹುಡುಗಿಯ ಮುಂದೆ ಕೂತು ಸೆರಗಿನ ಗಂಟು ಬಿಚ್ಚಿದರು. ಡಬ್ಬಿ ತೆರೆದು ಅವಳ ಅಂಗೈಯಲ್ಲಿಟ್ಟರು. “ನಿಮ್ಮವ್ವನವು” ಎಂದರು.

ನುಜತಕ್ಕನ ಕೈ ತಾನಾಗಿಯೇ ಕಿವಿಗೆ ಹೋಯಿತು. ಆಮೇಲೆ ಅತ್ತೆಯ ಪಕ್ಕ ನೆಲಕ್ಕೆ ಕುಸಿದು ಕೂತರು. “ಅವತ್ತು ಬರೇ ಕಿವೀಲಿ ಮನೆಗೆ ಹೋದ್ನಲ್ಲ ನಾಗಕ್ಕ, ನಮ್ಮತ್ತೆ ನನ್ನ ಜತೆ ಮೂರು ತಿಂಗ್ಳು ಮಾತಾಡ್ಲಿಲ್ಲ. ನಾನು ಎಲ್ಲಿಟ್ಟೆ ಅಂತ ಹೇಳ್ಲೇ ಇಲ್ಲ” ಎಂದರು, ಅತ್ತೂ ನಕ್ಕೂ.

“ಹೌದಾ? ನಂಗೆ ಒಂದು ಮಾತು ಹೇಳಬಾರ್ದಾಗಿತ್ತೇನೆ?” ಎಂದು ಅತ್ತೆ ಅವರ ಬೆನ್ನಿಗೊಂದು ಗುದ್ದಿದರು. ಇಪ್ಪತ್ತೇಳು ವರ್ಷ ಒಬ್ಬರು ಋಣ ಹೇಳಿರಲಿಲ್ಲ, ಇನ್ನೊಬ್ಬರು ನೋವು ಹೇಳಿರಲಿಲ್ಲ. ನನ್ನ ಕಣ್ಣೂ ತುಂಬಿತು. ತುಂಬಲಿ ಎಂದು ಬಿಟ್ಟೆ.

ಹುಡುಗಿ ಹಾಕಿಕೊಂಡಿದ್ದ ದೊಡ್ಡ ಝುಮಕಿಗಳನ್ನು ತೆಗೆದು ಆ ಓಲೆ ಹಾಕಿಕೊಂಡಳು. ಸರಿಯಾಗಿ ಕೂತವು. ಅತ್ತೆ ತಿರುಪು ತಾವೇ ಬಿಗಿ ಮಾಡಿದರು.

ಇನ್ನು ನನ್ನ ಸರದಿ. ತಪ್ಪು ಮಾಡಿದವಳು ಬಾಯಿ ಬಿಟ್ಟೇ ಹೇಳಬೇಕು. “ನುಜತಕ್ಕ, ನಿನ್ನೆ ನಾನು ಕೊಟ್ಟಿದ್ದು ತಪ್ಪಾಯ್ತು. ಅತ್ತೆಯ ಮುಯ್ಯಿ ಅಂತ ತಿಳಿದು ಕೊಟ್ಟೆ. ಅದನ್ನು ಬುಕ್ಕಿನಿಂದ ತೆಗೆಸಿಬಿಡಿ” ಎಂದೆ.

ನುಜತಕ್ಕ ಕಣ್ಣೊರೆಸಿಕೊಂಡು ಫೈಸಲ್‌ನನ್ನು ಕರೆದು ಬುಕ್ಕು ತರಿಸಿದರು. “ಇಲ್ಲಿ ‘ನಾಗಕ್ಕ, ಓಲೆ’ ಅಂತ ಬರಿ” ಎಂದು ಬರೆಸಿದರು. ಆಮೇಲೆ ಹಿಂದಿನ ದಿನದ ಪುಟ ತೆಗೆದು ನನ್ನ ಮುಂದೆ ಹಿಡಿದರು. ‘ಸುಧಾ, ದಾವಣಗೆರೆ. 2,001.’

“ಇದನ್ನ ಯಾಕ ತೆಗೀಲಿ? ನಾಗಕ್ಕಂದು ಬ್ಯಾರೆ, ನಿಂದು ಬ್ಯಾರೆ. ನಿನ್ನೆ ನೀನು ಕೊಟ್ಟಿದ್ದು ನಿನ್ನ ಮುಯ್ಯಿ. ನಿನ್ನ ಮಗಳ ಮದ್ವಿಗೆ ನಾನು ಬರ್ಬೇಕೋ ಬ್ಯಾಡ್ವೋ?”

ಇಪ್ಪತ್ತೆರಡು ವರ್ಷ ಈ ಮನೆಯ ಸೊಸೆಯಾಗಿದ್ದೇನೆ. ಎಷ್ಟು ಮದುವೆಗೆ ಹೋಗಿದ್ದೇನೋ, ಎಲ್ಲ ಕಡೆಯೂ ನಾಗಕ್ಕ ಎಂದೇ ಬರೆಸಿ ಬಂದಿದ್ದೇನೆ. ನನ್ನ ಹೆಸರು ಬೇರೊಬ್ಬರ ಬುಕ್ಕಿನಲ್ಲಿ ಕೂತದ್ದು ಅದೇ ಮೊದಲು. ಅದೂ ನನ್ನ ಅವಸರದಿಂದ, ನನ್ನ ತಪ್ಪಿನಿಂದ. ಆ ಸಾಲನ್ನು ಬೆರಳಿಟ್ಟು ಮತ್ತೊಮ್ಮೆ ಓದಿದೆ.

ಆಟೊದಲ್ಲಿ ಮರಳುವಾಗ ಫೋನು ತೆರೆದೆ. ನುಜತಕ್ಕನ ಹೆಸರಿನ ಮುಂದೆ ‘ತೀರಿತು’ ಎಂಬ ಹಸಿರು ಗುಂಡಿ ಕಾಯುತ್ತಿತ್ತು. ಅತ್ತೆಗೆ ತೋರಿಸಿ, “ಇದನ್ನು ಒತ್ತಿದರೆ ಹೆಸರು ಹೋಗುತ್ತೆ ಅತ್ತೆ” ಎಂದೆ.

“ಹೆಸರು ಯಾಕ ಹೋಗ್ಬೇಕು? ಕೊಟ್ಟ ಮೇಲೂ ಮುಯ್ಯಿ ಬುಕ್ಕಿನಾಗ ಯಾರ ಹೆಸರೂ ಹೊಡಿಯಂಗಿಲ್ಲವ್ವ” ಎಂದರು.

ಒತ್ತಲಿಲ್ಲ. ಮುಂದಿನ ಭಾನುವಾರ ಕೂತು, ಬುಕ್ಕಿನಿಂದ ಇಳಿಸಿದ್ದ ಸಾಲುಗಳನ್ನೆಲ್ಲ ಆ್ಯಪ್‌ನಿಂದ ಒಂದೊಂದಾಗಿ ತೆಗೆದೆ. ಚಹಾಕ್ಕೆ, ಹಾಲಿಗೆ, ಗ್ಯಾಸಿಗೆ ಆ ಆ್ಯಪ್‌ಗಿಂತ ಒಳ್ಳೆಯದು ಇಲ್ಲ, ಈಗಲೂ ಯಾರು ಕೇಳಿದರೂ ಅದನ್ನೇ ಹೇಳುತ್ತೇನೆ. ಮುಯ್ಯಿಗೆ ಮಾತ್ರ ಕೆಂಪು ರಟ್ಟಿನ ಬುಕ್ಕೇ ಸೈ. ಅದನ್ನು ಅಟ್ಟಕ್ಕೆ ಹಾಕಲಿಲ್ಲ. ಹಿಟ್ಟಿನ ಡಬ್ಬಿಯ ಪಕ್ಕದ ಗೂಡಿನಲ್ಲಿಟ್ಟೆ.

ಜೂನ್ ತಿಂಗಳ ದುಡ್ಡು ಬಂದ ದಿನ ನಾನು ರೊಟ್ಟಿ ಬಡಿಯುತ್ತಿದ್ದೆ. ಅತ್ತೆ ಕುಂಟುತ್ತ ಅಡುಗೆಮನೆಗೆ ಬಂದು ಎಂದಿನಂತೆ ಎರಡು ಸಾವಿರವನ್ನು ಕಟ್ಟೆಯ ಮೇಲಿಟ್ಟು, “ಬರ್ಕ” ಎಂದರು.

ನಾನು ರೊಟ್ಟಿ ಬಡಿಯುವುದನ್ನು ನಿಲ್ಲಿಸಿದೆ. “ಯಾವುದಕ್ಕೆ ಅತ್ತೆ?”

ಅವರು ನನ್ನನ್ನೇ ನೋಡಿದರು. ಆಮೇಲೆ ಸ್ಟೂಲು ಎಳೆದುಕೊಂಡು ಕೂತು ನಿಧಾನವಾಗಿ ಯೋಚಿಸಿದರು, ಆ ಪ್ರಶ್ನೆಗೆ ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು. ಹಂಚಿನ ಮೇಲೆ ರೊಟ್ಟಿ ಸೀದಿತು. ಸೀಯಲಿ ಎಂದು ನಾನೂ ಕಾದೆ.

“ಅರ್ಧ ಗೋಡೆಗೆ ಹಾಕು. ಅರ್ಧ ನಯನಾನ ಕಿವಿಗೆ” ಎಂದರು.

ಎಡಗೈ ಹೆಬ್ಬೆರಳಿನಿಂದ ‘ನಾಗಕ್ಕ’ ಎಂದು ಹೊಸ ಕಾಲಂ ಮಾಡಿದೆ. ಅದರೊಳಗೆ ಅವರು ಹೇಳಿದ ಹಾಗೆಯೇ ಎರಡು ಸಾಲು ಬರೆದೆ. ಮಿತಿ ಎಷ್ಟು ಎಂದು ಆ್ಯಪ್ ಕೇಳಿತು. ಆ ಚೌಕವನ್ನು ಖಾಲಿ ಬಿಟ್ಟೆ.